ನಮ್ಮ ಗುರುತನ್ನು ಬರೆಯುವವರು ಯಾರು? ಡಿಜಿಟಲ್ ಕಾಲದ ಕಲೆ ಕುರಿತು ಅಧ್ಯಯನ ಟಿಪ್ಪಣಿ

ಈ ವಿಷಯ ಓದಲು ಕೂತರೆ ಮೊದಲು ಎದುರಾಗುವುದು ಹೆಸರುಗಳ ದೊಡ್ಡ ರಾಶಿ. ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಕೆಲಸ ಮಾಡಿದ್ದಾರೆ, ಇನ್ನೊಬ್ಬರು ಡಿಎನ್‌ಎ ಹಿಡಿದು, ಮತ್ತೊಬ್ಬರು ಮುಖ ಗುರುತಿಸುವ ಸಾಫ್ಟ್‌ವೇರ್ ಹಿಡಿದು. ಸುಮ್ನೆ ಬಾಯಿಪಾಠ ಮಾಡಿದರೆ ತಲೆಯಲ್ಲಿ ಉಳಿಯುವುದಿಲ್ಲ. ಪ್ರತಿ ಕೃತಿಗೂ ಒಂದೇ ಪ್ರಶ್ನೆ ಹಾಕಿ ನೋಡಿ: ಇಲ್ಲಿ ಈ ವ್ಯಕ್ತಿ ಯಾರು ಅನ್ನುವುದನ್ನು ಬರೆಯುತ್ತಿರುವವರು ಯಾರು? ಆ ವ್ಯಕ್ತಿಯೇ, ಅಥವಾ ಅವರ ಬಗ್ಗೆ ದಾಖಲೆ ಇಡುವ ವ್ಯವಸ್ಥೆಯೇ? ಈ ಎರಡರ ಜಗಳ ಎಲ್ಲಿ ಜೋರಾಗಿದೆಯೋ ಅಲ್ಲೇ ಒಳ್ಳೆಯ ಕೃತಿಗಳು ಹುಟ್ಟಿವೆ ಅನ್ನುವುದು ನನ್ನ ಅಭಿಪ್ರಾಯ.

ಈ ಜಗಳ ಇಂಟರ್ನೆಟ್‌ಗಿಂತ ಹಳೆಯದು. ಹಾಗಾಗಿ 1973ರಿಂದ ಶುರು ಮಾಡೋಣ.

ರಾಬರ್ಟಾ ಎಂಬ ಹೆಂಗಸು

ಆ ವರ್ಷ ಅಮೆರಿಕದ ಕಲಾವಿದೆ ಲಿನ್ ಹರ್ಷ್‌ಮನ್ ಲೀಸನ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಬರ್ಟಾ ಬ್ರೈಟ್‌ಮೋರ್ ಎಂಬ ಪಾತ್ರವನ್ನು ಕಟ್ಟಲು ತೊಡಗಿದರು. ಹೊಂಬಣ್ಣದ ವಿಗ್, ದಟ್ಟ ಮೇಕಪ್, ಅವಳದೇ ಕೈಬರಹ, ಅವಳದೇ ನಡಿಗೆ. ಪಾತ್ರ ಅಂದರೆ ವೇದಿಕೆಯ ಮೇಲಿನ ಪಾತ್ರ ಅಂದುಕೊಳ್ಳಬೇಡಿ. ರಾಬರ್ಟಾ ಊರಲ್ಲಿ ಓಡಾಡಿದಳು. ಅವಳ ಹೆಸರಲ್ಲಿ ಡ್ರೈವಿಂಗ್ ಲೈಸೆನ್ಸ್ ಆಯಿತು, ಕ್ರೆಡಿಟ್ ಕಾರ್ಡ್ ಬಂತು, ಬಾಡಿಗೆ ಮನೆ ಸಿಕ್ಕಿತು. ಮನೋವೈದ್ಯರ ಹತ್ತಿರವೂ ಹೋದಳು. ರೂಮ್‌ಮೇಟ್ ಬೇಕು ಎಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದಳು, ಉತ್ತರ ಬರೆದವರನ್ನು ಭೇಟಿಯಾದಳು.

ಇದರಲ್ಲಿ 1975ರ ಒಂದು ಚಿತ್ರವನ್ನು ತಪ್ಪದೆ ನೋಡಿ. ರಾಬರ್ಟಾಳ ಮುಖದ ಫೋಟೊ. ಅದರ ಮೇಲೆಲ್ಲ ಗೆರೆಗಳು, ಅಂಕಿಗಳು, ಟಿಪ್ಪಣಿಗಳು. ಕಣ್ಣಿನ ಸುತ್ತ ಎಲ್ಲಿ ತಿಳಿ ಮಾಡಬೇಕು, ಕೆನ್ನೆಗೆ ಯಾವ ಬಣ್ಣ, ತುಟಿಯನ್ನು ಬ್ರಷ್‌ನಿಂದ ಹೇಗೆ ತಿದ್ದಬೇಕು, ಎಲ್ಲವೂ ಅಲ್ಲಿದೆ. ಮನೆ ಕಟ್ಟುವ ಮೊದಲು ಹಾಕುವ ನಕ್ಷೆಯ ಹಾಗೆ ಒಂದು ಮುಖದ ನಕ್ಷೆ. ಅಂದರೆ ಅದನ್ನು ನೋಡಿಕೊಂಡು ಬೇರೆಯವರೂ ರಾಬರ್ಟಾ ಆಗಬಹುದು. ಕೊನೆಯ ಹಂತದಲ್ಲಿ ಆಗಿದ್ದೂ ಅದೇ. ಲೀಸನ್ ಬೇರೆ ಹೆಂಗಸರನ್ನು ಕರೆತಂದು ರಾಬರ್ಟಾ ಮಾಡಿದರು. 1978ರಲ್ಲಿ ಇಟಲಿಯ ಫೆರಾರಾದಲ್ಲಿ ಒಂದು ವಿಧಿ ನಡೆಸಿ ಪಾತ್ರಕ್ಕೆ ಮಂಗಳ ಹಾಡಿದರು.

ಪ್ರೊಫೈಲ್, ಅವತಾರ್, ಫೇಕ್ ಅಕೌಂಟ್ ಅನ್ನುವ ಮಾತುಗಳು ಬಳಕೆಗೆ ಬರುವ ಮುಂಚೆಯೇ ಈ ಕೃತಿ ಒಂದು ವಿಷಯ ತೋರಿಸಿಬಿಟ್ಟಿತು. ಬದುಕಿರುವವರಿಗೆ ದಾಖಲೆ ಸಿಗುತ್ತದೆ ಅಂತ ನಾವು ನಂಬಿದ್ದೇವೆ. ರಾಬರ್ಟಾ ವಿಷಯದಲ್ಲಿ ದಾಖಲೆ ಮೊದಲು ಬಂತು, ಅವಳ 'ಇರುವಿಕೆ' ಅದರ ಹಿಂದೆ ಬಂತು. ಕಾರ್ಡ್ ಕೊಟ್ಟವರು, ಮನೆ ಕೊಟ್ಟವರು, ಇವರೆಲ್ಲ ಗೊತ್ತಿಲ್ಲದೆಯೇ ಅವಳ ಲೇಖಕರಾದರು.

ಅದೇ ಆಟ, ಫೋನ್ ಪರದೆಯ ಮೇಲೆ

2014ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಲಾವಿದೆ ಅಮಾಲಿಯಾ ಉಲ್ಮನ್ ತಮ್ಮ ಇನ್‌ಸ್ಟಾಗ್ರಾಂ ಖಾತೆಯಲ್ಲಿ 'ಎಕ್ಸಲೆನ್ಸಸ್ ಆ್ಯಂಡ್ ಪರ್ಫೆಕ್ಷನ್ಸ್' ನಡೆಸಿದರು. ಮೊದಲು ಮುದ್ದು ಮುದ್ದಾದ ಹುಡುಗಿ. ಆಮೇಲೆ ದುಡ್ಡು, ಐಷಾರಾಮದ ಹಿಂದೆ ಬಿದ್ದು ಕುಸಿಯುವ ಹುಡುಗಿ. ಕೊನೆಗೆ ಯೋಗ, ಆರೋಗ್ಯ, ನೆಮ್ಮದಿ ಕಂಡುಕೊಂಡವಳು. ನಡುವೆ ಸ್ತನದ ಸರ್ಜರಿ ಮಾಡಿಸಿಕೊಂಡಂತೆ ಬ್ಯಾಂಡೇಜ್ ಹಾಕಿಕೊಂಡ ಫೋಟೊಗಳೂ ಬಂದವು. ಸರ್ಜರಿ ಆಗಿರಲೇ ಇಲ್ಲ. ನೋಡುತ್ತಿದ್ದವರು ನಂಬಿದರು, ಬೈದರು, ಸಮಾಧಾನ ಹೇಳಿದರು. 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಇದನ್ನು ಪ್ರದರ್ಶನದಲ್ಲಿ ಇಟ್ಟಿತು.

'ಸೋಷಿಯಲ್ ಮೀಡಿಯಾ ಎಲ್ಲ ಸುಳ್ಳು ಅಂತ ತೋರಿಸುವ ಕೃತಿ' ಎಂದು ಬರೆದು ಮುಗಿಸಬೇಡಿ. ಮೊದಲ ಪೋಸ್ಟ್‌ನಲ್ಲೇ 'ಭಾಗ 1' ಎಂಬ ಮಾತು ಮತ್ತು ಕೃತಿಯ ಹೆಸರು ಇತ್ತು. ಕಣ್ಣೆದುರೇ ಇದ್ದದ್ದು ಯಾರಿಗೂ ಕಾಣಲಿಲ್ಲ. ಯಾಕೆ? ಹೆಣ್ಣು ಹೀಗಿರುತ್ತಾಳೆ, ಕೆಡುತ್ತಾಳೆ, ಆಮೇಲೆ ತಿದ್ದಿಕೊಳ್ಳುತ್ತಾಳೆ ಅನ್ನುವ ಕಥೆ ಜನರ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಉಲ್ಮನ್ ಅದಕ್ಕೆ ಫೋಟೊ ಒದಗಿಸಿದರು, ಅಷ್ಟೇ. ಇಲ್ಲಿ ಗುರುತನ್ನು ಅರ್ಧ ಬರೆದವರು ಫಾಲೋವರ್‌ಗಳೇ, ಅಲ್ವಾ?

ಕೇಳುವ ಮೊದಲೇ ಎಲ್ಲ ಕೊಟ್ಟುಬಿಡುವುದು

ಹಸನ್ ಎಲಾಹಿ ಅವರ ಕತೆ ಬೇರೆ ದಿಕ್ಕಿನದು. ಬಾಂಗ್ಲಾದೇಶದಲ್ಲಿ ಹುಟ್ಟಿದ ಅಮೆರಿಕನ್ ಕಲಾವಿದ. 2002ರಲ್ಲಿ ವಿದೇಶದಿಂದ ಮರಳುವಾಗ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದರು. ಭಯೋತ್ಪಾದಕ ಇರಬಹುದು ಎಂಬ ಅನುಮಾನ. ಎಫ್‌ಬಿಐ ವಿಚಾರಣೆ ತಿಂಗಳುಗಟ್ಟಲೆ ನಡೆದು, ಕೊನೆಗೆ ಇವರ ತಪ್ಪೇನೂ ಇಲ್ಲ ಎಂದಾಯಿತು. ಆಮೇಲೆ ಅವರು ತಾವು ಎಲ್ಲಿದ್ದೇವೆ, ಏನು ತಿಂದೆವು, ಯಾವ ಶೌಚಾಲಯ ಬಳಸಿದೆವು ಎಂಬುದನ್ನೆಲ್ಲ ಫೋಟೊ ತೆಗೆದು ವೆಬ್‌ಸೈಟ್‌ಗೆ ಹಾಕತೊಡಗಿದರು. ಈ ಕೃತಿಯ ಹೆಸರು 'ಟ್ರ್ಯಾಕಿಂಗ್ ಟ್ರಾನ್ಸಿಯೆನ್ಸ್'.

ಆ ಫೋಟೊಗಳನ್ನು ಹತ್ತಿರದಿಂದ ಗಮನಿಸಿ. ಖಾಲಿ ಕಾಯುವ ಕೊಠಡಿ, ಊಟದ ತಟ್ಟೆ, ಶೌಚಾಲಯ. ಮನುಷ್ಯರೇ ಇಲ್ಲ. ಸಾವಿರಾರು ಚಿತ್ರ ನೋಡಿದರೂ ಎಲಾಹಿ ಎಂಥವರು ಅಂತ ಗೊತ್ತಾಗುವುದಿಲ್ಲ. ಮಾಹಿತಿ ಜಾಸ್ತಿಯಾದಷ್ಟೂ ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದು ಸುಲಭ. ನನಗೆ ಇದು ಬಹಳ ಧೈರ್ಯದ ಕೃತಿ ಅನಿಸುತ್ತದೆ. ತಮ್ಮ ಬಗ್ಗೆ ವ್ಯವಸ್ಥೆ ಬರೆಯುತ್ತಿದ್ದ ಕಡತವನ್ನು ಕಿತ್ತುಕೊಂಡು ತಾವೇ ಬರೆದರು.

ಯಂತ್ರ ಹಚ್ಚುವ ಹಣೆಪಟ್ಟಿ

ಈಗ ಬರೆಯುವ ಕೈ ಮನುಷ್ಯನದಲ್ಲದಿದ್ದರೆ? 2019ರಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧಕಿ ಕೇಟ್ ಕ್ರಾಫರ್ಡ್ ಮತ್ತು ಕಲಾವಿದ ಟ್ರೆವರ್ ಪ್ಯಾಗ್ಲೆನ್ 'ಇಮೇಜ್‌ನೆಟ್ ರೂಲೆಟ್' ಎಂಬ ವೆಬ್‌ಸೈಟ್ ತಂದರು. ನಿಮ್ಮ ಸೆಲ್ಫಿ ಹಾಕಿದರೆ ಯಂತ್ರ ಅದರ ಮೇಲೆ ಒಂದು ಪದ ಬರೆಯುತ್ತಿತ್ತು. ಕೆಲವರಿಗೆ ಉದ್ಯೋಗದ ಹೆಸರು ಬಂತು. ಕೆಲವರಿಗೆ ಜನಾಂಗೀಯ ಬೈಗುಳ ಬಂತು. ಆ ಪದಗಳು ಇವರಿಬ್ಬರು ಕಟ್ಟಿದ್ದಲ್ಲ. ಯಂತ್ರಗಳಿಗೆ ತರಬೇತಿ ಕೊಡಲು ಸಂಶೋಧಕರು ಬಳಸುತ್ತಿದ್ದ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದಲ್ಲೇ ಇದ್ದವು. ಗದ್ದಲ ಎದ್ದ ಮೇಲೆ ಇಮೇಜ್‌ನೆಟ್ ತಂಡ ಮನುಷ್ಯರ ವಿಭಾಗದಿಂದ ಸುಮಾರು 6,00,000 ಚಿತ್ರ ತೆಗೆಯುವುದಾಗಿ ಹೇಳಿತು.

ಇದರ ಪಕ್ಕದಲ್ಲೇ ಕಂಪ್ಯೂಟರ್ ವಿಜ್ಞಾನಿ ಜಾಯ್ ಬುಲಮ್ವಿನಿ ಅವರ ಕೆಲಸ ಓದಿ. 2018ರ ಪ್ರಬಂಧವೊಂದರಲ್ಲಿ ಅವರು ಮತ್ತು ಸಹ-ಸಂಶೋಧಕಿ ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ 0.8%. ಕಪ್ಪು ಬಣ್ಣದ ಹೆಂಗಸರಲ್ಲಿ 34.7% ತನಕ ಹೋಯಿತು. ಬುಲಮ್ವಿನಿ ಇದನ್ನು ಪ್ರಬಂಧದಲ್ಲೇ ಬಿಡಲಿಲ್ಲ. ಹೆಸರಾಂತ ಕಪ್ಪು ಮಹಿಳೆಯರ ಮುಖಗಳನ್ನು ಯಂತ್ರ ಹೇಗೆ ತಪ್ಪಾಗಿ ಓದುತ್ತದೆ ಎಂದು ತೋರಿಸುವ ಒಂದು ಕಾವ್ಯ-ವಿಡಿಯೊ ಮಾಡಿದರು. ಅಂಕಿ ಓದಿದಾಗ ತಲೆಗೆ ತಟ್ಟುತ್ತದೆ, ವಿಡಿಯೊ ನೋಡಿದಾಗ ಎದೆಗೆ ತಟ್ಟುತ್ತದೆ. ಕಲೆ ಇಲ್ಲಿ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ಜೋಡಿಯನ್ನೇ ಉದಾಹರಣೆ ಕೊಡಿ.

ಕೊನೆಗೆ ದೇಹದ ಮಾತು. ಡಿಎನ್‌ಎ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ ನಮಗೆಲ್ಲ ಇದೆ. ಸೇನೆಯ ರಹಸ್ಯ ದಾಖಲೆಗಳನ್ನು ವಿಕಿಲೀಕ್ಸ್‌ಗೆ ಕೊಟ್ಟ ಅಮೆರಿಕದ ಮಾಜಿ ಸೈನಿಕೆ ಚೆಲ್ಸಿ ಮ್ಯಾನಿಂಗ್ ಜೈಲಿನಲ್ಲಿದ್ದಾಗ ಅವರ ಫೋಟೊ ಹೊರಗೆ ಬರುವಂತಿರಲಿಲ್ಲ. ಅವರು ಕೂದಲು ಮತ್ತು ಕೆನ್ನೆಯ ಒಳಗಿನ ಸ್ವಾಬ್ ಮಾದರಿಯನ್ನು ಕಲಾವಿದೆ ಹೀದರ್ ಡ್ಯೂಯಿ-ಹ್ಯಾಗ್‌ಬೋರ್ಗ್ ಅವರಿಗೆ ಕಳಿಸಿಕೊಟ್ಟರು. 2017ರ 'ಪ್ರಾಬಬ್ಲಿ ಚೆಲ್ಸಿ' ಕೃತಿಯಲ್ಲಿ ಅದೇ ಡಿಎನ್‌ಎಯಿಂದ 30 ಮುಖಗಳು ಬಂದವು. ಬಣ್ಣ ಬೇರೆ, ಮೂಗು ಬೇರೆ, ಗಂಡು-ಹೆಣ್ಣಿನ ಚಹರೆ ಬೇರೆ. ಡಿಎನ್‌ಎಯನ್ನು ಓದುವ ಸಾಫ್ಟ್‌ವೇರ್‌ಗೆ ಯಾವ ಊಹೆ ಕೊಡುತ್ತೀರೋ ಅದರ ಮೇಲೆ ಮುಖ ಬದಲಾಗುತ್ತದೆ. ಡಿಎನ್‌ಎ ಮ್ಯಾನಿಂಗ್ ಅವರದೇ. ಆದರೆ ಅದಕ್ಕೆ ಮುಖ ಬರೆದದ್ದು ಊಹೆಗಳು.