ಬಾಳೋಪಾಟ್ ಪಾಡ್‌ಕಾಸ್ಟ್‌ಗೆ ಮೊಬೈಲ್ ಸಾಕೇ?

ಪ್ರಶ್ನೆ: ಊರಿನ ಹಿರಿಯರು ಹಾಡುವ ಬಾಳೋಪಾಟನ್ನು, ಅಂದರೆ ಕೊಡವರ ಸಾಂಪ್ರದಾಯಿಕ ಹಾಡನ್ನು, ಕನ್ನಡ ವಿವರಣೆ ಸೇರಿಸಿ ಪಾಡ್‌ಕಾಸ್ಟ್ ಮಾಡಬೇಕೆಂದಿದ್ದೇವೆ. ಮೊಬೈಲ್ ಸಾಕೇ, ರೆಕಾರ್ಡರ್ ಕೊಳ್ಳಬೇಕೇ? – ಮಡಿಕೇರಿಯ ಓದುಗರು

ಉತ್ತರ: ವಿವರಣೆಗೆ ಮೊಬೈಲ್ ಸಾಕು, ಹಾಡಿಗೆ ಸಾಲದು. ಮೊಬೈಲಿನ ಮೈಕ್ ಈಗೇನೂ ಕೆಟ್ಟದ್ದಲ್ಲ. ಆದರೆ ಹೆಚ್ಚಿನ ಫೋನುಗಳು ಧ್ವನಿಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ. ದುಡಿಯ (ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ) ಪೆಟ್ಟು ಬಿದ್ದೊಡನೆ ಮಟ್ಟ ಕುಸಿದು, ಅದರ ಬೆನ್ನಿಗೇ ಬರುವ ಅಕ್ಷರ ಮುಳುಗುತ್ತದೆ. ಮಟ್ಟವನ್ನು ಕೈಯಲ್ಲೇ ಹೊಂದಿಸಬಹುದಾದ ಸ್ಟೀರಿಯೋ ರೆಕಾರ್ಡರ್ ಬೇಕು. ಎರಡು ದಿನದ ಕೆಲಸಕ್ಕೆ ಬಾಡಿಗೆಯದೇ ಆದೀತು.

ಬಾಳೋಪಾಟಿನ ನಾಲ್ವರು ಹಾಡುಗಾರರೂ ದುಡಿ ಹಿಡಿದು, ಇಬ್ಬಿಬ್ಬರಾಗಿ ಸರದಿಯಲ್ಲಿ ಹಾಡುತ್ತಾರಲ್ಲ, ಒಂದು ಜೋಡಿ ಎಡಕ್ಕೆ, ಇನ್ನೊಂದು ಬಲಕ್ಕೆ ಕೂರಲಿ. ರೆಕಾರ್ಡರನ್ನು ಒಂದೂವರೆ ಮೀಟರ್ ದೂರದಲ್ಲಿ, ಬಾಯಿಗಿಂತ ತುಸು ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಡಿ. ಬಾಯಿ ಹತ್ತಿರ, ದುಡಿ ದೂರ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲು ಸಾಕು, ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಎಲ್ಲರೂ ಎಡವುವುದು ಧ್ವನಿಮಟ್ಟದ ಪರೀಕ್ಷೆಯಲ್ಲಿ: "ಒಂದು ಸಾಲು ಹಾಡಿ" ಎಂದರೆ ಮೆಲ್ಲಗೆ ಹಾಡುತ್ತಾರೆ, ಹತ್ತು ನಿಮಿಷದಲ್ಲಿ ಹುರುಪು ಏರಿ ಶಬ್ದ ಒಡೆಯುತ್ತದೆ. ಒಡೆದದ್ದು ಸರಿಹೋಗುವುದಿಲ್ಲ. ಅದಕ್ಕೇ ಪೂರ್ಣ ದನಿಯಲ್ಲಿ ದುಡಿ ಸಮೇತ ಹಾಡಿಸಿ, ಅತಿ ಜೋರಿನ ಪೆಟ್ಟು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ಬೇಡ, ತಗಡಿನ ಮಾಡಿನಡಿ ಅಂತೂ ಬೇಡವೇ ಬೇಡ. ಮಳೆಯ ಸದ್ದು ಮನುಷ್ಯರ ದನಿಯಿರುವ ಆವರ್ತನಗಳಲ್ಲೇ ಹರಡಿರುತ್ತದೆ. ಸಾಫ್ಟ್‌ವೇರಿನಲ್ಲಿ ಮಳೆ ಒರೆಸಿದರೆ ದನಿಯೂ ಸವೆಯುತ್ತದೆ. ಆ ತಿಂಗಳುಗಳನ್ನು ಎಡಿಟಿಂಗ್‌ಗೂ ವಿವರಣೆಗೂ ಇಟ್ಟುಕೊಳ್ಳಿ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ರಾತ್ರಿಯೂ ಬೇಡ, ಕೋವಿ ಸಿಡಿಯುತ್ತದೆ. ಹಬ್ಬ ಕಳೆದ ಮೇಲೆ ಹಾಡುಗಾರರ ಗಂಟಲೂ ಪಳಗಿರುತ್ತದೆ.

ಹಾಡು ಪರಂಪರೆಯದು, ಯಾರ ಸ್ವತ್ತೂ ಅಲ್ಲ ಎಂದು ಕಾಗದಪತ್ರ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಹಾಡಿದವರಿಗೂ ಹಕ್ಕಿದೆ, 50 ವರ್ಷ. ಎಲ್ಲಿ ಹಾಕುತ್ತೀರಿ, ಹಣ ಬಂದರೆ ಪಾಲು ಹೇಗೆ ಎಂಬುದನ್ನು ಕನ್ನಡದಲ್ಲೇ ಬರೆದು ನಾಲ್ವರ ಸಹಿ ಪಡೆಯಿರಿ, ಹಾಡುವ ಮುನ್ನವೇ.

ಕೇಳುಗರಿಗೆ 128 ಕೆಬಿಪಿಎಸ್ ಎಂಪಿ3 ಕೊಡಿ. ಅರ್ಧ ಗಂಟೆಗೆ 29 ಎಂಬಿಯಷ್ಟೇ, ಸಿಗ್ನಲ್ ಕಡಿಮೆಯಿರುವ ತೋಟದ ಮನೆಯಲ್ಲೂ ಇಳಿಯುತ್ತದೆ. ಮೂಲ ವೇವ್ ಫೈಲನ್ನು ಮಾತ್ರ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಡಿ.