ಫ್ರಾಂಕೋನಿಯದ ದಾರಿಬದಿ ಪೂಜಾಕಂಬವನ್ನು ಓದುವುದು ಹೇಗೆ?

ಜರ್ಮನಿಯ ಬವೇರಿಯ ರಾಜ್ಯದ ಉತ್ತರ ಭಾಗವೇ ಫ್ರಾಂಕೋನಿಯ. ಅಲ್ಲಿನ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಹೊಲದಂಚು, ಕವಲುದಾರಿಗಳಲ್ಲೆಲ್ಲ ಕಲ್ಲಿನ ಪೂಜಾಕಂಬಗಳು ಕಾಣುತ್ತವೆ. ಇವಕ್ಕೆ ‘ಬಿಲ್ಡ್‌ಷ್ಟಾಕ್’ ಎಂದು ಹೆಸರು, ಊರವರ ಬಾಯಲ್ಲಿ ‘ಮಾರ್ಟರ್’. ಇಡೀ ಕಂಬ ಒಂದೇ ಕಾಲದ್ದು ಎಂದು ನಂಬಿಕೊಂಡು ಓದಲು ಕೂರಬೇಡಿ. ಪೀಠ, ಕಂಬ, ಬೋದಿಗೆ, ಅದರ ಮೇಲೆ ಉಬ್ಬುಶಿಲ್ಪವಿರುವ ಗೂಡು, ತುದಿಯ ಶಿಲುಬೆ ಇವೆಲ್ಲ ಬೇರೆ ಬೇರೆ ಕಲ್ಲುಗಳು. ಬಿದ್ದಾಗ ಒಡೆದದ್ದನ್ನಷ್ಟೇ ಹೊಸದಾಗಿ ಕೆತ್ತಿಸುತ್ತಿದ್ದರು. ಹಾಗಾಗಿ ಪೀಠದ ಮೇಲಿನ ಇಸವಿ ಪೀಠಕ್ಕೆ ಮಾತ್ರ ಸಾಕ್ಷಿ.

ಕುಳ್ಳಗೆ, ದಪ್ಪಗೆ, ಬರಹವಿಲ್ಲದೆ ನೆಲದಲ್ಲಿ ಹುಗಿದ ಕಲ್ಲುಶಿಲುಬೆಗಳನ್ನು ಇವುಗಳ ಜೊತೆ ಸೇರಿಸಬಾರದು. ಅವುಗಳಲ್ಲಿ ಹಲವು, ಕೊಲೆ ಮಾಡಿದವನು ಸತ್ತವನ ಕುಟುಂಬದೊಂದಿಗೆ ರಾಜಿಯಾಗಿ ನಿಲ್ಲಿಸಿದ ಪ್ರಾಯಶ್ಚಿತ್ತದ ಕಲ್ಲುಗಳು. ಚಕ್ರವರ್ತಿ 5ನೇ ಚಾರ್ಲ್ಸ್‌ನ 1532ರ ಅಪರಾಧ ಸಂಹಿತೆ ಬಂದ ಮೇಲೆ ಆ ಪದ್ಧತಿ ಕ್ರಮೇಣ ನಿಂತಿತು. ಪೂಜಾಕಂಬಗಳು ಹೆಚ್ಚಿದ್ದು ವ್ಯೂರ್ಟ್ಸ್‌ಬುರ್ಗ್‌ನ ಬಿಷಪ್ ಯೂಲಿಯಸ್ ಎಖ್ಟರ್‌ನ ಆಳ್ವಿಕೆಯಲ್ಲಿ (1573–1617). ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದ ಮೇಲೆ ಅವು ಇನ್ನಷ್ಟು ಎದ್ದವು. ಹರಕೆ, ಪ್ಲೇಗ್, ಅಪಘಾತದ ಸಾವು, ಮೆರವಣಿಗೆ ನಿಲ್ಲುವ ಜಾಗ, ಹೀಗೆ ಕಾರಣಗಳು ಹಲವು.

ಕಾಲ ಹೇಳುವಲ್ಲಿ ಶಿಲ್ಪವೇ ದೊಡ್ಡ ನೆರವು. ಐದು ನಕ್ಷತ್ರಗಳ ಪ್ರಭಾವಳಿ, ತೋಳಿನಲ್ಲಿ ಶಿಲುಬೆ ಇದ್ದರೆ ಅದು ನೆಪೊಮುಕ್‌ನ ಜಾನ್. ಅವನಿಗೆ ಸಂತಪದವಿ ಸಿಕ್ಕಿದ್ದು 1729ರಲ್ಲಿ, ಆದ್ದರಿಂದ ಆ ಉಬ್ಬುಶಿಲ್ಪ ಬಹುಪಾಲು 18ನೇ ಶತಮಾನದ್ದು ಅಥವಾ ಅದರಿಂದೀಚಿನದು. ತೊಡೆಯ ಗಂಟು ತೋರಿಸುವ ರೋಕಸ್, ಬಾಣ ನೆಟ್ಟ ಸೆಬಾಸ್ಟಿಯನ್ ಪ್ಲೇಗಿನಿಂದ ಕಾಯುವವರು, ವೆಂಡೆಲಿನ್ ದನಕರುಗಳ ರಕ್ಷಕ. ಶಿಲುಬೆಗೇರಿದ ಕ್ರಿಸ್ತನ ಸುತ್ತ ಮುಳ್ಳಿನ ಕಿರೀಟದ ಹನ್ನೊಂದು ತಲೆಗಳು ಕಂಡರೆ ಅದು ವಾಲ್‌ಡ್ಯೂರ್ನ್ ಯಾತ್ರಾಸ್ಥಳದ ‘ಪವಿತ್ರ ರಕ್ತ’ದ ಚಿತ್ರ. ಆ ಯಾತ್ರೆಯ ಭಕ್ತಿಯಿಂದಲೇ ಇಂಥ ಕಂಬ ನಿಲ್ಲಿಸುತ್ತಿದ್ದರು. ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಕಂಬಕ್ಕೇ ಬಳ್ಳಿ, ಗೊಂಚಲು ಸುತ್ತಿದಂತೆ ಕೆತ್ತಿರುವುದುಂಟು, ಇಡೀ ಪ್ರಕಾರದಲ್ಲಿ ಕೈಚಳಕ ಎದ್ದು ಕಾಣುವುದೇ ಅಲ್ಲಿ.

ಇಸವಿ ಅಂಕಿಯಲ್ಲಿ ಇಲ್ಲದಿದ್ದರೆ ಲ್ಯಾಟಿನ್ ಬರಹದ ಕೆಲವು ಅಕ್ಷರ ಮಾತ್ರ ಉಳಿದವಕ್ಕಿಂತ ದೊಡ್ಡದಾಗಿವೆಯೇ ನೋಡಿ. ಅವನ್ನು ರೋಮನ್ ಅಂಕಿಗಳೆಂದು ತೆಗೆದುಕೊಂಡು ಕೂಡಬೇಕು, ಕ್ರಮ ಮುಖ್ಯವಲ್ಲ. ಎಂ 1000, ಡಿ 500, ಸಿ 100, ಎಲ್ 50, ಎಕ್ಸ್ 10, ವಿ 5, ಐ 1. ದೊಡ್ಡ ಅಕ್ಷರಗಳು ಎಂ, ಡಿ, ಸಿ, ಸಿ, ಎಲ್, ಎಕ್ಸ್, ವಿ, ವಿ, ಐ, ಐ ಆದರೆ ಮೊತ್ತ 1772. ‘ಯು’ ಅಕ್ಷರವನ್ನು ‘ವಿ’ಯಾಗಿಯೇ ಕೆತ್ತುತ್ತಿದ್ದರು, ಅದನ್ನೂ ಎಣಿಸಿ. ಮೊತ್ತ ಅಸಂಬದ್ಧವಾಗಿ ಬಂದರೆ ಒಂದೆರಡು ಅಕ್ಷರ ಸವೆದಿರಬಹುದು, ಇಲ್ಲವೇ ದುರಸ್ತಿಯಲ್ಲಿ ಬಣ್ಣ ಬಳಿದವನು ತಪ್ಪು ಅಕ್ಷರವನ್ನು ಎತ್ತಿ ತೋರಿಸಿರಬಹುದು. ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಹೊತ್ತಿನಲ್ಲಿ ಮತ್ತೆ ಓದಿ.

ಹಾಳಾಗುವುದು ಹೆಚ್ಚಾಗಿ ಎರಡು ಕಡೆ. ಬುಡದಲ್ಲಿ ನೆಲದ ತೇವ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಮರಳುಗಲ್ಲಿಗೆ ಏರುತ್ತವೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುವುದರಿಂದ ಕಲ್ಲು ಪದರಪದರವಾಗಿ ಕಳಚುತ್ತದೆ. ಅದಕ್ಕೆ ಸಿಮೆಂಟ್ ಮೆತ್ತಿದರೆ ಇನ್ನೂ ಕೆಡುತ್ತದೆ. ಸಿಮೆಂಟ್ ಕಲ್ಲಿಗಿಂತ ಗಡುಸು, ತೇವ ಹೊರಹೋಗಲು ಬಿಡುವುದಿಲ್ಲ, ಪಕ್ಕದ ಹಳೆಯ ಕಲ್ಲೇ ಮೊದಲು ಉದುರುತ್ತದೆ. ಅಲ್ಲಿ ಬೇಕಿರುವುದು ಸುಣ್ಣದ ಗಾರೆ. ಇನ್ನೊಂದು ಜಾಗ ಬೆಸುಗೆಯದು: ಕಲ್ಲುಗಳ ನಡುವೆ ತೂತು ಕೊರೆದು ಕಬ್ಬಿಣದ ಗೂಟ ಇಟ್ಟು ಸುತ್ತ ಕರಗಿದ ಸೀಸ ಎರೆಯುತ್ತಿದ್ದರು. ಸೀಸ ಬಿಟ್ಟುಕೊಂಡರೆ ನೀರು ಇಳಿದು ಗೂಟ ತುಕ್ಕು ಹಿಡಿದು ಊದುತ್ತದೆ, ಕಂಬ ಉದ್ದಕ್ಕೆ ಸೀಳುತ್ತದೆ. ದುರಸ್ತಿಯಲ್ಲಿ ಹಳೆಯ ಗೂಟ ತೆಗೆದು ತುಕ್ಕು ಹಿಡಿಯದ ಉಕ್ಕಿನದನ್ನು ಇಡುತ್ತಾರೆ.

ಸ್ಥಳದ ಬಗ್ಗೆಯೂ ಎಚ್ಚರ ಬೇಕು. ರಸ್ತೆ ಅಗಲೀಕರಣ, ಹೊಲಗಳ ಮರುಹಂಚಿಕೆಗಳಲ್ಲಿ ಎಷ್ಟೋ ಕಂಬಗಳನ್ನು ಎಬ್ಬಿಸಿ ಬೇರೆಡೆ ನೆಟ್ಟಿದ್ದಾರೆ. ಬರಹದ ಮುಖ ದಾರಿಗೆ ಬೆನ್ನು ಹಾಕಿದ್ದರೆ ಅನುಮಾನಿಸಿ, 19ನೇ ಶತಮಾನದ ಭೂಮಾಪನ ನಕ್ಷೆಯೊಂದಿಗೆ ಹೋಲಿಸಿ ನೋಡಿ.