ಡಿಮೆನ್ಷಿಯಾ ಎಂದರೆ ಬುದ್ಧಿಮಾಂದ್ಯವಲ್ಲ

ವಯಸ್ಸಾದವರ ‘ಬುದ್ಧಿಮಾಂದ್ಯತೆ’ಯನ್ನು ಕೆಲವೇ ನಿಮಿಷಗಳ ಪ್ರಶ್ನೋತ್ತರದಿಂದ ಪತ್ತೆ ಹಚ್ಚಬಹುದು ಎಂಬ ಅರ್ಥದ ತಲೆಬರಹವೊಂದನ್ನು ಈ ವಾರ ಮತ್ತೆ ಓದಿದೆ. ಅಲ್ಲಿ ಹೇಳಹೊರಟದ್ದು ಡಿಮೆನ್ಷಿಯಾದ, ಎಂದರೆ ಇದ್ದ ನೆನಪು, ಮಾತು, ವಿಚಾರಶಕ್ತಿ ಕುಂದುತ್ತ ಹೋಗುವ ಕಾಯಿಲೆಯ ವಿಷಯ. ಇದು ಪದಕೋಶದ ಸಣ್ಣ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ಒಂದು ಪದದಿಂದಾಗಿ ಆ ಪರೀಕ್ಷೆಗಳು ಏನನ್ನು ಅಳೆಯುತ್ತವೆ ಎಂಬುದೇ ಓದುಗರಿಗೆ ತಲೆಕೆಳಗಾಗಿ ಕಾಣುತ್ತಿದೆ.

‘ಸುಂದರ’ದಿಂದ ‘ಸೌಂದರ್ಯ’ ಬಂದಂತೆ ‘ಮಂದ’ದಿಂದ ‘ಮಾಂದ್ಯ’ ಬಂದಿದೆ. ಅದು ಆಗಲೇ ಭಾವನಾಮವಾಗಿರುವುದರಿಂದ ಅದರ ಮೇಲೆ ಇನ್ನೊಂದು ‘ತೆ’ ಹೇರುವ ಅಗತ್ಯವಿಲ್ಲ. ‘ಸೌಂದರ್ಯತೆ’ ಎಂದು ಬರೆಯಲು ಒಪ್ಪದವರು ‘ಮಾಂದ್ಯತೆ’ಯನ್ನು ಏಕೆ ಒಪ್ಪುತ್ತಾರೋ ತಿಳಿಯದು. ಅದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ‘ಮಂದ’ ಒಂದು ಸ್ಥಿತಿಯನ್ನು ಹೇಳುತ್ತದೆ, ಆ ಸ್ಥಿತಿಗೆ ಎಲ್ಲಿಂದ ಇಳಿದು ಬಂದದ್ದು ಎಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ‘ಬುದ್ಧಿಮಾಂದ್ಯ’ ಬಹುಕಾಲ ಬಳಕೆಯಲ್ಲಿದ್ದದ್ದೂ ಬಾಲ್ಯದಿಂದಲೇ ಬೌದ್ಧಿಕ ಬೆಳವಣಿಗೆ ಕುಂಠಿತವಾದವರ ಬಗ್ಗೆ. ಅದನ್ನು ಈಗ ಬೌದ್ಧಿಕ ಅಂಗವಿಕಲತೆ ಎನ್ನುವುದು ಹೆಚ್ಚು ಗೌರವದ ಮಾತು. ಲ್ಯಾಟಿನ್ ಮೂಲದ ‘ಡಿಮೆನ್ಷಿಯಾ’ದಲ್ಲಾದರೋ ಇಳಿಕೆಯೇ ತಿರುಳು: ‘ಡೆ’ ಎಂದರೆ ಕಳಚಿ ದೂರವಾದದ್ದು, ‘ಮೆನ್ಸ್’ ಎಂದರೆ ಮನಸ್ಸು, ಬುದ್ಧಿ. ಈ ‘ಮೆನ್ಸ್’ ನಮ್ಮ ‘ಮತಿ’ಗೆ ದೂರದ ನೆಂಟ, ಎರಡಕ್ಕೂ ಧಾತು ಒಂದೇ. ಇದ್ದ ಮತಿ ಕಳಚಿಹೋಗುವುದು ಡಿಮೆನ್ಷಿಯಾ.

ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಷ್ಟು ಹಿಂದೆಯೇ ಈ ಎರಡನ್ನು ಬೇರ್ಪಡಿಸಿದ್ದ. ಡಿಮೆನ್ಷಿಯಾ ಇರುವವನು ಸಿರಿವಂತನಾಗಿದ್ದು ಬಡವನಾದವನು, ಹುಟ್ಟಿನಿಂದ ಬುದ್ಧಿ ಬೆಳೆಯದವನು ಮೊದಲಿನಿಂದಲೂ ಬಡತನದಲ್ಲೇ ಇದ್ದವನು ಎಂಬುದು ಅವನ ಹೋಲಿಕೆಯ ಸಾರ. ಸುಮಾರು ಇನ್ನೂರು ವರ್ಷಗಳ ಹಿಂದೆ ಬಿಡಿಸಿದ ಗಂಟನ್ನು ನಾವು ಮತ್ತೆ ಕಟ್ಟುತ್ತಿದ್ದೇವೆ.

ಪರೀಕ್ಷೆಗಳ ಅರ್ಥ ನಿಂತಿರುವುದೂ ಈ ವ್ಯತ್ಯಾಸದ ಮೇಲೆಯೇ. 1975ರಲ್ಲಿ ಪ್ರಕಟವಾದ ‘ಮಿನಿ ಮೆಂಟಲ್ ಸ್ಟೇಟ್’ ಪರೀಕ್ಷೆ ಮೂವತ್ತು ಅಂಕಗಳದ್ದು. ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು ಎಂಬುದು ರೂಢಿಯ ಗೆರೆ. ಬದುಕಿಡೀ ಓದುಬರಹದಲ್ಲೇ ಕಳೆದವರು ಇಪ್ಪತ್ತಾರು ಪಡೆದರೆ ಅದು ದೊಡ್ಡ ಕುಸಿತವೇ ಆಗಿರಬಹುದು. ಶಾಲೆಯ ಮುಖ ಕಾಣದವರು ಇಪ್ಪತ್ತೆರಡು ಪಡೆದರೆ ಅವರಲ್ಲಿ ಏನೂ ಇಳಿದಿಲ್ಲದಿರಬಹುದು. ಇಂಥದ್ದೇ ಇನ್ನೊಂದಾದ 2005ರ ‘ಮಾಂಟ್ರಿಯಲ್’ ಪರೀಕ್ಷೆಯಲ್ಲಿ ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿ ಕೊಡುವುದು ಇದೇ ಕಾರಣಕ್ಕೆ. ಕಿವಿ ಮಂದವಾಗಿದ್ದರೂ, ಖಿನ್ನತೆಯಿದ್ದರೂ, ಬಿ12 ಜೀವಸತ್ವ ಕಡಿಮೆಯಾಗಿದ್ದರೂ ಅಂಕ ಇಳಿಯಬಹುದು. ಆದ್ದರಿಂದ ಇವು ಜರಡಿ ಹಿಡಿಯುವ ಪರೀಕ್ಷೆಗಳು, ರೋಗನಿರ್ಣಯವಲ್ಲ.

ಭಾಷೆಯ ಪರೀಕ್ಷೆಗಳು ಇನ್ನೂ ಸೂಕ್ಷ್ಮ. ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿಸುವುದು, ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳಿಸುವುದು ಮೇಲ್ನೋಟಕ್ಕೆ ಒಂದೇ ಬಗೆಯ ಆಟದಂತೆ ಕಾಣುತ್ತವೆ. ಆದರೆ ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲನೆಯದೇ ಹೆಚ್ಚು ಸೊರಗುತ್ತದೆ, ಏಕೆಂದರೆ ಅಲ್ಲಿ ಸಡಿಲವಾಗುವುದು ಅರ್ಥದ ನಂಟುಗಳು. ಇಂಥ ಪರೀಕ್ಷೆಯನ್ನು ಕನ್ನಡಕ್ಕೆ ತರುವಾಗ ಬರಿಯ ಅನುವಾದ ಸಾಲದು. ಇಂಗ್ಲಿಷಿನಲ್ಲಿ ‘ವರ್ಲ್ಡ್’ ಪದದ ಕಾಗುಣಿತವನ್ನು ಹಿಂದುಮುಂದಾಗಿ ಹೇಳಿದರೆ ಐದು ಅಕ್ಷರಕ್ಕೆ ಐದು ಅಂಕ. ‘ಪ್ರಪಂಚ’ವನ್ನು ತಿರುಗಿಸಿದರೆ ‘ಚ, ಪಂ, ಪ್ರ’ ಎಂಬ ಮೂರೇ ತುಂಡುಗಳು. ಅಂಕಗಳು ಎಲ್ಲಿಂದ ಬರಬೇಕು? ಒತ್ತಕ್ಷರವನ್ನು ಬಿಡಿಸಬೇಕೇ, ಅನುಸ್ವಾರವನ್ನು ಬೇರೆಯಾಗಿ ಎಣಿಸಬೇಕೇ ಎಂಬುದನ್ನು ತೀರ್ಮಾನಿಸದೆ ಹಾಳೆಯನ್ನು ತರ್ಜುಮೆ ಮಾಡಿದರೆ, ಅಳೆಯುವುದು ಲಿಪಿಯ ತೊಡಕನ್ನೇ ಹೊರತು ಮಿದುಳಿನ ಇಳಿಕೆಯನ್ನಲ್ಲ.

ನನ್ನ ವಾದಕ್ಕೆ ಎದುರಾಗಿ ಕಾಣುವ ಒಂದು ಅಧ್ಯಯನವನ್ನೂ ಹೇಳಬೇಕು. ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರು ಸುಮಾರು ಇಪ್ಪತ್ತೆರಡರ ವಯಸ್ಸಿನಲ್ಲಿ ಬರೆದಿದ್ದ ಕಿರು ಆತ್ಮಕಥನಗಳನ್ನು ಡೇವಿಡ್ ಸ್ನೋಡನ್ ಮತ್ತು ಸಂಗಡಿಗರು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದರು. ವಾಕ್ಯಗಳಲ್ಲಿ ವಿಚಾರಗಳು ವಿರಳವಾಗಿದ್ದವರಲ್ಲಿ, ಆರು ದಶಕಗಳ ಬಳಿಕ, ಅರಿವಿನ ಪರೀಕ್ಷೆಗಳ ಅಂಕ ಕಡಿಮೆಯಿದ್ದದ್ದೂ ಆಲ್ಝೈಮರ್ ಕಾಣಿಸಿಕೊಂಡದ್ದೂ ಹೆಚ್ಚು. ಹಾಗಾದರೆ ಅವರು ಮೊದಲೇ ಮಂದರೇ? ಅಲ್ಲ. ಅವರು ಅನಂತರ ದಶಕಗಳ ಕಾಲ ಸಮರ್ಥವಾಗಿ ಬದುಕಿದವರು. ಆ ಬರಹ ಕಾಯಿಲೆಯ ಹೊಡೆತವನ್ನು ತಾಳಿಕೊಳ್ಳುವ ಮಿದುಳಿನ ಮೀಸಲು ಶಕ್ತಿಯ ಸುಳಿವೋ, ಬಹಳ ಮೊದಲೇ ಸದ್ದಿಲ್ಲದೆ ಶುರುವಾದ ಕಾಯಿಲೆಯ ನೆರಳೋ ಎಂಬುದು ಚರ್ಚೆಯ ವಿಷಯ. ಇಳಿಕೆ ಆದದ್ದಂತೂ ಆಮೇಲೆ.

ಡಿಮೆನ್ಷಿಯಾಕ್ಕೆ ಕೆಲವರು ಬಳಸುವ ‘ಮರೆಗುಳಿತನ’ ಮಾಂದ್ಯಕ್ಕಿಂತ ವಾಸಿ, ಆದರೆ ಇಕ್ಕಟ್ಟು. ಅದು ಒಬ್ಬರ ಸ್ವಭಾವವನ್ನು ಹೇಳುತ್ತದೆ, ಅಲ್ಲದೆ ಕಾಯಿಲೆಯನ್ನು ಮರೆವಿಗಷ್ಟೇ ಕಟ್ಟಿಹಾಕುತ್ತದೆ. ನೆನಪು ಗಟ್ಟಿಯಿದ್ದೂ ಮಾತು ಮೊದಲು ಕಳಚುವ ಬಗೆಯ ಡಿಮೆನ್ಷಿಯಾವನ್ನು ನರವೈದ್ಯ ಮಾರ್ಸೆಲ್ ಮೆಸುಲಮ್ 1982ರಲ್ಲೇ ವಿವರಿಸಿದ್ದಾರೆ. ಕನ್ನಡ ಪದವೇ ಬೇಕೆನ್ನುವವರು ಪರೀಕ್ಷೆಗೆ ‘ಅರಿವಿನ ಪರೀಕ್ಷೆ’ ಎಂದೂ ಅದು ಹುಡುಕುವುದಕ್ಕೆ ‘ಅರಿವಿನ ಇಳಿಕೆ’ ಎಂದೂ ಬರೆಯಲಿ. ಕಾಯಿಲೆಯ ಹೆಸರು ಬಂದಲ್ಲಿ ‘ಡಿಮೆನ್ಷಿಯಾ’ ಎಂದೇ ಇರಲಿ.

ಇಳಿಕೆಯನ್ನು ನೇರವಾಗಿ ಕೇಳುವ ಪ್ರಶ್ನಾವಳಿಯೊಂದು 1989ರಿಂದ ಬಳಕೆಯಲ್ಲಿದೆ. ಅದನ್ನು ತುಂಬುವವರು ವಯಸ್ಸಾದವರಲ್ಲ, ಅವರನ್ನು ಬಹುಕಾಲದಿಂದ ಬಲ್ಲ ಆಪ್ತರು. ಇತ್ತೀಚೆಗೆ ನಡೆದದ್ದನ್ನು ನೆನಪಿಡುವುದರಲ್ಲಿ, ಹಣದ ಲೆಕ್ಕದಲ್ಲಿ, ಹೊಸ ಉಪಕರಣವನ್ನು ಬಳಸಲು ಕಲಿಯುವುದರಲ್ಲಿ ಇವರು ಹತ್ತು ವರ್ಷಗಳ ಹಿಂದೆ ಹೇಗಿದ್ದರು, ಅದಕ್ಕೆ ಹೋಲಿಸಿದರೆ ಈಗ ಹೇಗಿದ್ದಾರೆ ಎಂಬುದೇ ಅದರ ಪ್ರತಿಯೊಂದು ಪ್ರಶ್ನೆ.